ಒಂದೇ ಸತ್ಯವೇದ, ಹಲವು ಕನ್ನಡ

ಕ್ರೈಸ್ತ ಧರ್ಮ ಮೊದಲ ದಿನದಿಂದಲೂ ಭಾಷಾಂತರದ ಮೇಲೆಯೇ ನಿಂತ ಧರ್ಮ. ಯೇಸು ಮಾತನಾಡಿದ್ದು ಅರಮಾಯಿಕ್ ಭಾಷೆಯಲ್ಲಿ, ಆ ಮಾತುಗಳು ಉಳಿದುಬಂದದ್ದು ಗ್ರೀಕ್ ಭಾಷೆಯ ನಾಲ್ಕು ಸುವಾರ್ತೆಗಳಲ್ಲಿ. ಅಂದರೆ ಮೂಲ ಎಂದು ಕರೆಯುವ ಪಠ್ಯವೇ ಅರ್ಧ ಅನುವಾದ. ವೇದಮಂತ್ರಕ್ಕೆ ಸ್ವರ ತಪ್ಪಬಾರದು, ಕುರಾನಿಗೆ ಅರಬ್ಬಿಯೇ ಬೇಕು ಎನ್ನುವ ಬಗೆಯ ಕಟ್ಟುನಿಟ್ಟು ಬೈಬಲ್ಲಿಗೆ ಹುಟ್ಟಿನಿಂದ ಬಂದದ್ದಲ್ಲ. ಇಂದು 700ಕ್ಕೂ ಹೆಚ್ಚು ಭಾಷೆಗಳಲ್ಲಿ ಪೂರ್ತಿ ಬೈಬಲ್ ಸಿಗುತ್ತದೆ. ಆದರೂ ಯಾವ ಅನುವಾದ ಸರಿ, ಅದನ್ನು ಯಾರು ಮಾಡಬೇಕು, ಯಾರು ಓದಬೇಕು, ಹಳೆಯದನ್ನು ತಿದ್ದಬಹುದೇ ಎಂಬ ವಿಷಯದಲ್ಲಿ ಕ್ರೈಸ್ತರಲ್ಲಿ ಎಂದೂ ಒಮ್ಮತವಿರಲಿಲ್ಲ.

ಜಗಳ ಹಳೆಯದು. 4ನೆಯ ಶತಮಾನದ ಕೊನೆಯಲ್ಲಿ ಜೆರೋಮ್ ಎಂಬ ವಿದ್ವಾಂಸ ಹೀಬ್ರೂ ಮೂಲ ನೋಡಿ ಹೊಸದಾಗಿ ಲ್ಯಾಟಿನ್ ಬೈಬಲ್ ಸಿದ್ಧಪಡಿಸತೊಡಗಿದ. ಪ್ರವಾದಿ ಯೋನನಿಗೆ ನೆರಳು ಕೊಟ್ಟ ಗಿಡವನ್ನು ಹಳೆಯ ಪಾಠ ಸೋರೆಬಳ್ಳಿ ಎನ್ನುತ್ತಿತ್ತು. ಜೆರೋಮ್ ಅದನ್ನು ಐವಿ ಎಂಬ ಬಳ್ಳಿಯಾಗಿ ಬದಲಿಸಿದ. ಉತ್ತರ ಆಫ್ರಿಕದ ಒಂದು ಊರಿನ ಚರ್ಚಿನಲ್ಲಿ ಬಿಷಪ್ ಈ ಹೊಸ ಪಾಠ ಓದಿದ್ದೇ ತಡ, ಜನ ಗದ್ದಲವೆಬ್ಬಿಸಿದರು; ಸಭೆಯೇ ಕೈಬಿಟ್ಟುಹೋಗುವ ಭಯದಿಂದ ಬಿಷಪ್ ಹಿಂದೆ ಸರಿಯಬೇಕಾಯಿತೆಂದು ಧರ್ಮಶಾಸ್ತ್ರಜ್ಞ ಅಗಸ್ಟೀನ್ ಜೆರೋಮನಿಗೇ ಪತ್ರ ಬರೆದ. ಬಳ್ಳಿ ಯಾವುದೆಂಬುದು ನಂಬಿಕೆಯ ಪ್ರಶ್ನೆಯಲ್ಲ. ತಲೆಮಾರುಗಳಿಂದ ಕೇಳಿದ ಸಾಲು ಬದಲಾದದ್ದೇ ಜನರನ್ನು ಕೆರಳಿಸಿತು. ಅಂದು ಜನ ಬೇಡವೆಂದ ಜೆರೋಮನ ಪಾಠವೇ ಮುಂದೆ ‘ವಲ್ಗೇಟ್’ ಆಗಿ ಸಾವಿರ ವರ್ಷ ಪಶ್ಚಿಮ ಯೂರೋಪನ್ನು ಆಳಿತು. 1546ರಲ್ಲಿ ಟ್ರೆಂಟ್ ಮಹಾಸಭೆ ಅದನ್ನೇ ಅಧಿಕೃತವೆಂದು ಸಾರಿತು. ಒಂದು ಕಾಲದ ಹೊಸತು ಇನ್ನೊಂದು ಕಾಲದ ಮುಟ್ಟಬಾರದ ಹಳತಾಗುವ ಈ ಕ್ರಮ ಕನ್ನಡದಲ್ಲೂ ನಡೆದಿದೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ಬಹಳ ಸಣ್ಣದು. ಆದರೆ ಕನ್ನಡ ಬೈಬಲ್ಲಿನ ಕಥೆ ತಿಳಿಯಲು ಈ ಸೀಮೆಯಷ್ಟು ಅನುಕೂಲವಾದ ಜಾಗ ಕಡಿಮೆ. ಬಾದಾಮಿ ಹತ್ತಿರದ ನೇಕಾರರ ಊರು ಗುಳೇದಗುಡ್ಡಕ್ಕೆ 1851ರಲ್ಲಿ ಬಾಸೆಲ್ ಮಿಶನ್ ಬಂದು ಪ್ರಾಟೆಸ್ಟಂಟ್ ಸಭೆ ಕಟ್ಟಿತು. ಇಳಕಲ್ಲಿನಿಂದ ಪೂರ್ವಕ್ಕೆ ಹೋದರೆ ಸಿಗುವ ಮುದಗಲ್ಲಿನಲ್ಲಿ 16ನೆಯ ಶತಮಾನದ್ದೆಂದು ಹೇಳುವ ಕ್ಯಾಥೊಲಿಕ್ ಚರ್ಚಿದೆ. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಗೋವೆಯಿಂದ ಬಂದ ಜೆಸ್ವಿತ್ ಪಾದ್ರಿಗಳು ಅದನ್ನು ಕಟ್ಟಿದರು. ಕನ್ನಡದ ಮೊದಲ ಪೂರ್ಣ ಬೈಬಲ್ ಸಿದ್ಧವಾದ ಬಳ್ಳಾರಿಯೂ ದೂರವಿಲ್ಲ. ಬ್ರಿಟಿಷರ ಕಾಲದಲ್ಲಿ ಈ ಮೂರೂ ಊರುಗಳು ಮೂರು ಬೇರೆ ಆಡಳಿತಗಳ ಕೆಳಗಿದ್ದವು: ಗುಳೇದಗುಡ್ಡ ಮುಂಬಯಿ ಪ್ರಾಂತಕ್ಕೆ, ಬಳ್ಳಾರಿ ಮದ್ರಾಸಿಗೆ, ಮುದಗಲ್ ನಿಜಾಮರ ರಾಜ್ಯಕ್ಕೆ. ಹರಿದು ಹಂಚಿಹೋಗಿದ್ದ ಕನ್ನಡ ನಾಡಿನಲ್ಲಿ ಎಲ್ಲ ಗಡಿಗಳನ್ನೂ ದಾಟಿ ಒಂದೇ ಪಾಠದಲ್ಲಿ ಹರಿದಾಡಿದ ಅಚ್ಚಿನ ಪುಸ್ತಕಗಳಲ್ಲಿ ಬೈಬಲ್ ಕೂಡ ಒಂದು. ಸಾಹಿತ್ಯ ಚರಿತ್ರೆಗಳು ಈ ಸಂಗತಿಗೆ ತಕ್ಕಷ್ಟು ಗಮನ ಕೊಟ್ಟಿಲ್ಲ.

ಕ್ಯಾಥೊಲಿಕರು ಪ್ರಾಟೆಸ್ಟಂಟರಿಗಿಂತ ಎರಡು ಶತಮಾನಕ್ಕೂ ಮೊದಲೇ ಕನ್ನಡ ನಾಡಿಗೆ ಬಂದರೂ ಬೈಬಲ್ಲನ್ನು ಅನುವಾದಿಸಲು ಕೈಹಾಕಲಿಲ್ಲ. ಕಾರಣ ಸೋಮಾರಿತನವಲ್ಲ. ಟ್ರೆಂಟ್ ಸಭೆಯ ನಂತರ, 1564ರಲ್ಲಿ, ಪೋಪ್ ನಾಲ್ಕನೆಯ ಪಿಯುಸ್ ಹೊರಡಿಸಿದ ನಿಯಮದಂತೆ ದೇಶಭಾಷೆಯ ಬೈಬಲ್ ಓದಲು ಬಿಷಪ್ಪರ ಅನುಮತಿ ಬೇಕಿತ್ತು. ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಅವರ ಕಣ್ಣಿನಲ್ಲಿ ಬೈಬಲ್ ಸಭೆಯ ಆಸ್ತಿ. ಅದನ್ನು ವಿವರಿಸುವ ಹೊಣೆ ಗುರುಗಳದು. ಭಕ್ತರಿಗೆ ಬೇಕಾದದ್ದು ಅದರ ಸಾರ. ಆ ಸಾರವನ್ನು ಕಥೆಯಾಗಿ, ಹಾಡಾಗಿ, ಪ್ರಶ್ನೋತ್ತರವಾಗಿ ಕೊಡುವುದರಲ್ಲಿ ಅವರು ಹಿಂದೆ ಬೀಳಲಿಲ್ಲ. ಇಂಗ್ಲಿಷ್ ಜೆಸ್ವಿತ್ ಥಾಮಸ್ ಸ್ಟೀಫನ್ಸ್ 1616ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ ‘ಕ್ರಿಸ್ತಪುರಾಣ’ ಮರಾಠಿ ಓವಿಗಳಲ್ಲಿ ಬೈಬಲ್ಲಿನ ಕಥೆಯನ್ನೆಲ್ಲ ಹೇಳುತ್ತದೆ. ಅದು ಅನುವಾದವಲ್ಲ, ಪುರಾಣ. 17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡದಲ್ಲಿ ಧರ್ಮೋಪದೇಶ, ವ್ಯಾಕರಣ, ಶಬ್ದಕೋಶ ಬರೆದ, ಬೈಬಲ್ಲನ್ನಲ್ಲ.

ಈ ನಿಲುವಿಗೆ ಕನ್ನಡ ನಾಡಿನಿಂದಲೇ ಒಂದು ಖಾರವಾದ ಸಮರ್ಥನೆ ಬಂತು. ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಮೂವತ್ತು ವರ್ಷ ದಕ್ಷಿಣ ಭಾರತದಲ್ಲಿದ್ದವರು. ಟಿಪ್ಪು ಪತನದ ನಂತರ ಮೈಸೂರು ಸೀಮೆಯಲ್ಲಿ ನೆಲೆಸಿ, ಕಾವಿ ಉಟ್ಟು, ಸಸ್ಯಾಹಾರ ಹಿಡಿದು, ಜನರ ಆಚಾರ ವಿಚಾರಗಳನ್ನು ಬರೆದಿಟ್ಟರು. 1823ರಲ್ಲಿ ಯೂರೋಪಿಗೆ ಮರಳಿ ಲಂಡನ್ನಿನಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಪ್ರಾಟೆಸ್ಟಂಟರ ಅನುವಾದಗಳನ್ನು ಜಾಲಾಡಿದರು. ಭಾಷೆ ಒರಟು, ಓದಿದವರಿಗೆ ನಗೆ ಬರುತ್ತದೆ ಎಂಬುದು ಒಂದು ಆಕ್ಷೇಪ. ಇನ್ನೊಂದು ಹೆಚ್ಚು ಆಳವಾದದ್ದು. ತಪ್ಪಿಹೋದ ಮಗ ಮನೆಗೆ ಬಂದಾಗ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸುವ ಕಥೆಯನ್ನು, ಅಬ್ರಹಾಮ ಅತಿಥಿಗಳಿಗೆ ಕರುವಿನ ಮಾಂಸ ಬಡಿಸುವ ಕಥೆಯನ್ನು ಗೋವನ್ನು ಪೂಜಿಸುವವರ ಕೈಗೆ ಯಾವ ವಿವರಣೆಯೂ ಇಲ್ಲದೆ ಕೊಟ್ಟರೆ ಅವರು ಪುಸ್ತಕವನ್ನು ಮುಚ್ಚಿಡುವುದಿಲ್ಲವೇ? ಬರಿಯ ಪುಸ್ತಕ ಹಂಚಿದರೆ ಧರ್ಮ ತಲುಪುವುದಿಲ್ಲ, ಕೆಡುತ್ತದೆ ಎಂಬುದು ದುಬ್ವಾರ ತೀರ್ಮಾನ. ಪ್ರಾಟೆಸ್ಟಂಟ್ ಪಾಳಯದಿಂದ 1824ರಲ್ಲೇ ಪುಸ್ತಕಗಳ ರೂಪದಲ್ಲಿ ಉತ್ತರಗಳು ಬಂದವು. ಆದರೆ ಕರುವಿನ ಪ್ರಶ್ನೆಗೆ ಅವು ಕೊಟ್ಟ ಸಮಾಧಾನಕ್ಕಿಂತ ಪ್ರಶ್ನೆಯೇ ಗಟ್ಟಿ.

ಪ್ರಾಟೆಸ್ಟಂಟರ ಲೆಕ್ಕ ಬೇರೆ. ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನೂ 1534ರಲ್ಲಿ ಪೂರ್ಣ ಬೈಬಲ್ಲನ್ನೂ ಜರ್ಮನ್ ಭಾಷೆಗೆ ತಂದಾಗಿನಿಂದ, ದೇವರ ವಾಕ್ಯ ಓದುವವನ ತಾಯಿನುಡಿಯಲ್ಲಿ ನೇರವಾಗಿ ಇರಬೇಕೆಂಬುದು ಆ ಪಂಥದ ಮೂಲ ಹಟ. ವಿವರಿಸುವವರ ಅಪ್ಪಣೆಗೆ ಕಾಯುವುದು ಅವರಿಗೆ ಒಪ್ಪಿಗೆಯಿಲ್ಲ. 1804ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ರಿಟಿಷ್ ಮತ್ತು ವಿದೇಶಿ ಬೈಬಲ್ ಸೊಸೈಟಿ ಟಿಪ್ಪಣಿ, ವ್ಯಾಖ್ಯಾನ ಒಂದೂ ಇಲ್ಲದ ಬೈಬಲ್ಲನ್ನೇ ಹಂಚುವುದೆಂದು ನಿಯಮ ಮಾಡಿಕೊಂಡಿತು. ರೋಮಿಗೆ ಸಹಿಸಲಾಗದ್ದು ಇದೇ. ಪೋಪ್ ಹನ್ನೆರಡನೆಯ ಲಿಯೊ 1824ರಲ್ಲಿ, ಹದಿನಾರನೆಯ ಗ್ರೆಗರಿ 1844ರಲ್ಲಿ ಬೈಬಲ್ ಸೊಸೈಟಿಗಳನ್ನು ಬಹಿರಂಗವಾಗಿ ಖಂಡಿಸಿದರು.

ಕನ್ನಡದ ಕೆಲಸ ಎರಡು ಕಡೆ ಶುರುವಾಯಿತು. ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ಪಂಡಿತರನ್ನು ಕೂರಿಸಿಕೊಂಡು ಹಲವು ಭಾಷೆಗಳಿಗೆ ಒಟ್ಟಿಗೇ ಅನುವಾದ ಮಾಡಿಸುತ್ತಿದ್ದರು. 1812ರ ಮಾರ್ಚ್ 11ರಂದು ಅಲ್ಲಿಯ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡದ ಹೊಸ ಒಡಂಬಡಿಕೆಯೂ ಸೇರಿತ್ತು. ಮತ್ತೆ ಬರೆಸಿ ಅಚ್ಚು ಮಾಡುವ ಹೊತ್ತಿಗೆ 1820ರ ದಶಕ ಬಂದಿತ್ತು. ಕನ್ನಡ ಆಡುವ ಊರಿನಿಂದ ಅಷ್ಟು ದೂರದಲ್ಲಿ ಹುಟ್ಟಿದ ಆ ಪಾಠ ಬಾಳಲಿಲ್ಲ. ಅತ್ತ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಜನರ ನಡುವೆಯೇ ಭಾಷೆ ಕಲಿತು ಕೆಲಸ ಹಿಡಿದರು. ಕನ್ನಡ ನಿಘಂಟಿನಿಂದ ಹೆಸರಾದ ವಿಲಿಯಂ ರೀವ್ ಜೊತೆಗಿದ್ದರು. 1831ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. ಬಾದಾಮಿಯ ಕೋಟೆ 1818ರಲ್ಲಿ ಬ್ರಿಟಿಷರ ಕೈಸೇರಿ ಇನ್ನೂ ಹದಿಮೂರು ವರ್ಷ ಆಗಿತ್ತಷ್ಟೆ.

1834ರಲ್ಲಿ ಮಲಬಾರ್ ಕರಾವಳಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಧಾರವಾಡ (1837), ಹುಬ್ಬಳ್ಳಿ (1839), ಬೆಟಗೇರಿ (1841) ದಾಟಿ ಗುಳೇದಗುಡ್ಡ ತಲುಪಿದರು. ಸಂತೆ, ಜಾತ್ರೆಗಳಲ್ಲಿ ನಿಂತು ಸಾರುವುದು, ಸುವಾರ್ತೆಯ ಬಿಡಿ ಹೊತ್ತಗೆಗಳನ್ನು ಮಾರುವುದು ಅವರ ರೂಢಿ. ಆದರೆ ಇಲ್ಲಿಯ ಜನರಿಗೆ ಧರ್ಮಗ್ರಂಥ ಎಂದರೇನು ಎಂಬ ಬಗ್ಗೆ ತಮ್ಮದೇ ಕಲ್ಪನೆಯಿತ್ತು. ಹುಬ್ಬಳ್ಳಿ–ಬೆಟಗೇರಿ ಭಾಗದಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ ಕೆಲವರು 1840ರ ಸುಮಾರಿಗೆ ಮಿಶನರಿಗಳನ್ನು ಕಂಡು, ತಮ್ಮ ಹೊತ್ತಗೆಗಳು ಹೇಳಿದ ಕಾಲ ಇದೇ ಇರಬಹುದೇ ಎಂದು ವಿಚಾರಿಸಿದರು. ಅವರಿಗೆ ಹೊಸ ಪುಸ್ತಕ ಬೇಕಿರಲಿಲ್ಲ, ತಮ್ಮ ಪುಸ್ತಕದ ಅರ್ಥ ಬೇಕಿತ್ತು. ಮಿಶನರಿಗಳಿಗೆ ಇದು ಅರ್ಥವಾಗಲು ಸಮಯ ಹಿಡಿಯಿತು.

ಅರ್ಥವಾದವರು ಕನ್ನಡ ಕಾವ್ಯದ ಕಡೆ ತಿರುಗಿದರು. ಹೆರ್ಮನ್ ಮೊಗ್ಲಿಂಗ್ 1840ರ ದಶಕದ ಕೊನೆಯಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚಿಗೆ ತಂದರು. ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಭಾಷೆ ಸಾಹಿತ್ಯಗಳ ಮೇಲೆ ಜರ್ಮನ್ನಿನಲ್ಲಿ ಲೇಖನ ಬರೆದು, ಬಳ್ಳಾರಿಯ ಬೈಬಲ್ಲಿನ ಪರಿಷ್ಕರಣೆಗೆ ಕೂತರು. ಮೂಲಕ್ಕೆ ಅಂಟಿಕೊಂಡು ಕನ್ನಡದ ನಡಿಗೆ ಕಳೆದುಕೊಂಡ ವಾಕ್ಯಗಳನ್ನು ಸರಿಪಡಿಸುವುದು ಅವರ ಉದ್ದೇಶ. 1855ರಲ್ಲಿ ತೀರಿಕೊಂಡರು, ಬೇರೆ ಬೇರೆ ಮಿಶನ್ನುಗಳು ಸೇರಿ ಮುಂದುವರಿಸಿದ ಕೆಲಸ 1860ರ ದಶಕದಲ್ಲಿ ಹೊಸ ಮುದ್ರಣವಾಗಿ ಬಂತು. ಫರ್ಡಿನೆಂಡ್ ಕಿಟ್ಟೆಲ್ ಇನ್ನೊಂದು ದಾರಿ ಹಿಡಿದರು. 1862ರ ಅವರ ‘ಕಥಾಮಾಲೆ’ ಯೇಸುವಿನ ಜೀವನವನ್ನು ಕನ್ನಡ ಕಾವ್ಯವಾಗಿ ಹೇಳುತ್ತದೆ. ಕ್ರಿಸ್ತಪುರಾಣದ ಜೆಸ್ವಿತನೂ ಕಥಾಮಾಲೆಯ ಜರ್ಮನ್ನನೂ ಧರ್ಮದಲ್ಲಿ ಬದ್ಧ ಎದುರಾಳಿಗಳಾದರೂ, ಪದ್ಯವಾಗದ ಹೊರತು ಈ ನಾಡಿನ ಕಿವಿಗೆ ಗ್ರಂಥ ಗ್ರಂಥವೆನಿಸದು ಎಂಬಲ್ಲಿ ಒಂದೇ ಕಡೆ ಬಂದು ನಿಂತರು. ಪದ್ಯದ ಈ ಒಲವು ಇಲ್ಲಿ ಹಳೆಯದು: ತ್ರಿಪದಿಯ ತೀರ ಹಳೆಯ ಮಾದರಿಯಾದ ಕಪ್ಪೆ ಅರಭಟ್ಟನ ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಇದೇ ಉತ್ತರ ಕರ್ನಾಟಕದ ಬಾಸೆಲ್ ಮಿಶನ್ ಸಭಾಪಾಲಕ ಚನ್ನಪ್ಪ ಉತ್ತಂಗಿ ಸರ್ವಜ್ಞನ ತ್ರಿಪದಿಗಳನ್ನು ಊರೂರು ಸುತ್ತಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು, 1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು.

ಪ್ರಾಟೆಸ್ಟಂಟರೊಳಗೂ ಒಡಕುಗಳಿದ್ದವು. ದೊಡ್ಡದು ದೀಕ್ಷಾಸ್ನಾನದ್ದು. ಪೂರ್ತಿ ನೀರಿನಲ್ಲಿ ಮುಳುಗಿಸಿದರೆ ಮಾತ್ರ ದೀಕ್ಷೆ ಎನ್ನುವ ಬ್ಯಾಪ್ಟಿಸ್ಟರು ತಮ್ಮ ಬಂಗಾಳಿ ಅನುವಾದದಲ್ಲಿ ‘ಮುಳುಗಿಸು’ ಎಂಬ ಅರ್ಥ ಬರುವ ಪದವನ್ನೇ ಇಟ್ಟರು. ತಲೆಯ ಮೇಲೆ ನೀರು ಹನಿಸುವ ಸಭೆಗಳು ಒಪ್ಪಲಿಲ್ಲ, ಬೈಬಲ್ ಸೊಸೈಟಿ ಹಣ ನಿಲ್ಲಿಸಿತು, ಬ್ಯಾಪ್ಟಿಸ್ಟರು 1840ರಲ್ಲಿ ತಮ್ಮದೇ ಅನುವಾದ ಸಂಸ್ಥೆ ಕಟ್ಟಿಕೊಂಡರು. ಕನ್ನಡದಲ್ಲಿ ಈ ಜಗಳ ಅಷ್ಟು ಕಾವೇರಲಿಲ್ಲ. ‘ದೀಕ್ಷಾಸ್ನಾನ’ ಎಂಬ ಮಾತು ಇಬ್ಬರಿಗೂ ಸಾಲುತ್ತದೆ: ಮುಳುಗಿಸುವವರು ಸ್ನಾನವನ್ನು ಒತ್ತಿ ಹೇಳಬಹುದು, ಹನಿಸುವವರು ದೀಕ್ಷೆಯನ್ನು. ಹುನಗುಂದ ತಾಲ್ಲೂಕಿನಲ್ಲೇ ಕೂಡಲಸಂಗಮವಿದೆ. ಲಿಂಗದೀಕ್ಷೆಯನ್ನು ಬಲ್ಲ ನಾಡಿಗೆ ದೀಕ್ಷೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಪುಸ್ತಕಗಳ ಎಣಿಕೆಯಲ್ಲೂ ಭೇದವಿದೆ. ಪ್ರಾಟೆಸ್ಟಂಟರ ಬೈಬಲ್ಲಿನಲ್ಲಿ 66 ಪುಸ್ತಕಗಳು, ಕ್ಯಾಥೊಲಿಕರದರಲ್ಲಿ 73. ತೋಬಿತ, ಯೂದಿತ, ಮಕ್ಕಬಿಯರ ಪುಸ್ತಕಗಳಂಥ ಏಳು ಹೆಚ್ಚಿನವು ಗ್ರೀಕ್ ಹಳೆ ಒಡಂಬಡಿಕೆಯಲ್ಲಿವೆ, ಹೀಬ್ರೂವಿನಲ್ಲಿ ಇಲ್ಲ. ಬೈಬಲ್ ಸೊಸೈಟಿ ಮೊದಮೊದಲು ಯೂರೋಪಿನ ಕ್ಯಾಥೊಲಿಕರಿಗಾಗಿ ಇವನ್ನೂ ಸೇರಿಸಿ ಅಚ್ಚು ಹಾಕುತ್ತಿತ್ತು. ಸ್ಕಾಟ್ಲೆಂಡಿನವರು ಸಿಡಿದೆದ್ದ ಮೇಲೆ 1826ರಲ್ಲಿ ಕೈಬಿಟ್ಟಿತು. ಹಾಗಾಗಿ ಹ್ಯಾಂಡ್ಸ್, ವೈಗ್ಲೆಯವರ ಕನ್ನಡ ಬೈಬಲ್ಲಿನಲ್ಲಿ ಈ ಪುಸ್ತಕಗಳಿಗೆ ಜಾಗವಿರಲಿಲ್ಲ.

ಕ್ಯಾಥೊಲಿಕರ ನಿಲುವು ತಿರುಗಿದ್ದು 20ನೆಯ ಶತಮಾನದಲ್ಲಿ, ಅದೂ ಅಚ್ಚರಿಯ ವೇಗದಲ್ಲಿ. 1943ರಲ್ಲಿ ಹನ್ನೆರಡನೆಯ ಪಿಯುಸ್ ಪೋಪ್ ಹೀಬ್ರೂ, ಗ್ರೀಕ್ ಮೂಲದಿಂದಲೇ ಅನುವಾದ ಮಾಡಲು ಉತ್ತೇಜನ ಕೊಟ್ಟರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜೆಗೆ ದೇಶಭಾಷೆಯ ಬಾಗಿಲು ತೆರೆಯಿತು. 1965ರ ನವೆಂಬರ್ 18ರ ದಾಖಲೆಯಲ್ಲಿ ಎಲ್ಲ ಭಕ್ತರಿಗೂ ಧರ್ಮಗ್ರಂಥ ಸುಲಭವಾಗಿ ಸಿಗಬೇಕು, ಬೇರೆ ಸಭೆಗಳವರ ಜೊತೆ ಸೇರಿಯೂ ಅನುವಾದ ಮಾಡಬಹುದು ಎಂದಿತು. 1968ರಲ್ಲಿ ವ್ಯಾಟಿಕನ್ ಮತ್ತು ವಿಶ್ವದ ಬೈಬಲ್ ಸೊಸೈಟಿಗಳ ಒಕ್ಕೂಟ ಜೊತೆ ಕೆಲಸದ ನಿಯಮಗಳಿಗೆ ಸಹಿ ಹಾಕಿದವು. ಖಂಡಿಸಿದವರು ಮತ್ತು ಖಂಡನೆಗೆ ಒಳಗಾದವರು ಒಂದೇ ಮೇಜಿಗೆ ಬರಲು 124 ವರ್ಷ ಹಿಡಿಯಿತು.

ಕನ್ನಡದಲ್ಲಿ ಆ ಬದಲಾವಣೆಯ ಫಲ ‘ಸಿ.ಎಲ್.’ ಎಂದು ಗುರುತಿಸುವ ಸರಳಭಾಷೆಯ ಬೈಬಲ್. ಬೆಂಗಳೂರಿನಲ್ಲಿ ಕೇಂದ್ರವಿರುವ ಭಾರತೀಯ ಬೈಬಲ್ ಸೊಸೈಟಿ ಅದನ್ನು ಪ್ರಕಟಿಸುತ್ತದೆ. ಹೆಚ್ಚಿನ ಏಳು ಪುಸ್ತಕಗಳಿರುವ ಆವೃತ್ತಿಯೂ ಉಂಟು. ಹಳೆಯ ಮಿಶನ್ ಬೈಬಲ್ 20ನೆಯ ಶತಮಾನದಲ್ಲಿ ಇನ್ನೊಮ್ಮೆ ತಿದ್ದುಪಡಿಯಾಗಿ ‘ಸತ್ಯವೇದವು’ ಎಂಬ ಹೆಸರಿನಲ್ಲಿ ಹಾಗೆಯೇ ಮುಂದುವರಿದಿದೆ. ಗುಳೇದಗುಡ್ಡದಂಥ ಹಳೆಯ ಬಾಸೆಲ್ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ, ಅಂದರೆ ಸಿ.ಎಸ್.ಐ.ನ, ಧಾರವಾಡ ಕೇಂದ್ರದ ಉತ್ತರ ಸಭಾಪ್ರಾಂತಕ್ಕೆ ಸೇರಿವೆ. ಅವರ ಕೈಯಲ್ಲಿರುವುದು ಸತ್ಯವೇದ. ಕ್ಯಾಥೊಲಿಕ್ ಪೂಜೆಯಲ್ಲಿ ಕೇಳುವುದು ಸಿ.ಎಲ್. ಬಗೆಯ ಕನ್ನಡ. ಅಲ್ಲಿ ‘ಸುವಾರ್ತೆ’ ಇದ್ದರೆ ಇಲ್ಲಿ ‘ಶುಭಸಂದೇಶ’, ಅಲ್ಲಿ ‘ಕರ್ತನು’ ಇದ್ದರೆ ಇಲ್ಲಿ ‘ಪ್ರಭು’, ಅಲ್ಲಿ ‘ಸಭೆ’, ಇಲ್ಲಿ ‘ಧರ್ಮಸಭೆ’. ಎರಡು ಸಾಲು ಮಾತು ಕೇಳಿದರೆ ಸಾಕು, ಮಾತಾಡುವವರು ಯಾವ ಚರ್ಚಿನವರೆಂದು ಗೊತ್ತಾಗಿಬಿಡುತ್ತದೆ.

ಇವೆಲ್ಲಕ್ಕಿಂತ ಕಿವಿಗೆ ತಟ್ಟುವ ಭೇದ ಕ್ರಿಯಾಪದದ ಕೊನೆಯಲ್ಲಿದೆ. ಸತ್ಯವೇದದಲ್ಲಿ ದೇವರು ಮಾಡಿದನು, ಯೇಸು ಹೇಳಿದನು. ಸಿ.ಎಲ್. ಬೈಬಲ್ಲಿನಲ್ಲಿ ದೇವರು ಮಾಡಿದರು, ಯೇಸುಸ್ವಾಮಿ ಹೇಳಿದರು. ಹೀಬ್ರೂವಿನಲ್ಲಾಗಲಿ ಗ್ರೀಕಿನಲ್ಲಾಗಲಿ ಇಂಥ ಗೌರವದ ಬಹುವಚನ ಇಲ್ಲ. ಕನ್ನಡದಲ್ಲಿ ಮಾತ್ರ ಅನುವಾದಕ ಯಾವುದಾದರೂ ಒಂದನ್ನು ಆರಿಸಲೇಬೇಕು. ‘ರೀ’ ಇಲ್ಲದೆ ಹಿರಿಯರೊಡನೆ ಮಾತು ಮುಗಿಯದ ಬಾಗಲಕೋಟೆ ಸೀಮೆಯಲ್ಲಿ ಗುರುವನ್ನು ‘ಬಂದನು, ಹೋದನು’ ಎಂದರೆ ಹೊರಗಿನವರಿಗೆ ಅಗೌರವವೆಂದೇ ಕೇಳಿಸುತ್ತದೆ. ಮೊದಲ ಸಲ ಸತ್ಯವೇದ ತೆರೆದ ಕ್ರೈಸ್ತೇತರ ಓದುಗರು ಮುಗ್ಗರಿಸುವುದು ಇಲ್ಲಿಯೇ. ಆದರೆ ಸತ್ಯವೇದದ ಪರ ನಿಲ್ಲುವವರ ಬಳಿಯೂ ಬಲವಾದ ವಾದವಿದೆ. ಬಹುವಚನದಲ್ಲಿ ದೇವರನ್ನು ಹೇಳಿದರೆ ದೇವರು ಒಬ್ಬನೋ ಹಲವರೋ ಎಂಬ ಗೊಂದಲ ಬರುತ್ತದೆ ಎಂಬುದು ಒಂದು. ಭಕ್ತಿಯ ಭಾಷೆ ಏಕವಚನದ್ದೇ ಎಂಬುದು ಇನ್ನೊಂದು: ಕೂಡಲಸಂಗಮದೇವನನ್ನು ಬಸವಣ್ಣ ಕರೆದದ್ದು ‘ನೀನು’ ಎಂದೇ, ವಿಠಲನನ್ನು ದಾಸರು ಕರೆದದ್ದೂ ಹಾಗೆಯೇ. ನಿಜ ಹೇಳಬೇಕೆಂದರೆ ಎರಡೂ ಕನ್ನಡವೇ. ವಚನದಲ್ಲಿ ಭಕ್ತ ದೇವರೊಡನೆ ಮಾತಾಡುತ್ತಾನೆ, ಸುವಾರ್ತೆಯಲ್ಲಿ ಒಬ್ಬ ಗುರುವಿನ ಕಥೆಯನ್ನು ಮೂರನೆಯವರು ಹೇಳುತ್ತಾರೆ. ಎದುರಿಗೆ ‘ನೀನು’ ಎಂದು ಕರೆದು ಹಿಂದಿನಿಂದ ‘ಅವರು’ ಎಂದು ಹೇಳುವುದು ಭಾಷೆಗೆ ಹೊಸದೇನಲ್ಲ. ಇಷ್ಟರ ಮಟ್ಟಿಗೆ ಸಿ.ಎಲ್. ಅನುವಾದಕರ ಕಿವಿ ಚುರುಕಾಗಿದೆ ಎನ್ನಬೇಕು. ಪ್ರಾರ್ಥನೆಗೆ ಕೂತಾಗ ಮಾತ್ರ ಹಳೆಯ ಏಕವಚನದ ಸಲಿಗೆ ಆ ಅನುವಾದಕ್ಕೆ ಸುಲಭವಾಗಿ ದಕ್ಕುವುದಿಲ್ಲ.

ದೇವರ ಹೆಸರಿನ ವಿಷಯ ಇನ್ನೂ ಸೂಕ್ಷ್ಮ. ಹೀಬ್ರೂ ಗ್ರಂಥದಲ್ಲಿ ನಾಲ್ಕು ವ್ಯಂಜನಗಳ ಒಂದು ಹೆಸರು 6,800ಕ್ಕೂ ಹೆಚ್ಚು ಸಲ ಬರುತ್ತದೆ. ಯೆಹೂದ್ಯರು ಭಕ್ತಿಯಿಂದ ಅದನ್ನು ಉಚ್ಚರಿಸುವುದಿಲ್ಲ. ಸತ್ಯವೇದ ಅದನ್ನು ‘ಯೆಹೋವ’ ಎಂದು ಬರೆಯುತ್ತದೆ, ಪ್ರಾಟೆಸ್ಟಂಟ್ ಹಾಡುಗಳಲ್ಲೆಲ್ಲ ಆ ಹೆಸರು ನೆಲೆಯೂರಿದೆ. ಆ ಹೆಸರನ್ನು ಪೂಜೆಯಲ್ಲಿ ಉಚ್ಚರಿಸಬಾರದೆಂದು ವ್ಯಾಟಿಕನ್ 2008ರಲ್ಲಿ ಸೂಚನೆ ಕೊಟ್ಟಿತು. ಕನ್ನಡದ ಸಿ.ಎಲ್. ಬೈಬಲ್ಲಿನಲ್ಲಿ ಆ ಜಾಗದಲ್ಲಿ ‘ಸರ್ವೇಶ್ವರ’ ಇದೆ. ಶೈವ ನಾಡಿನಲ್ಲಿ ಆ ಮಾತಿಗೆ ಹುಟ್ಟೂರಿನ ದನಿಯಿದೆ. ಕೆಲವರಿಗೆ ಅದೇ ಹಿತ, ಇನ್ನು ಕೆಲವರಿಗೆ ಅದೇ ಅಳುಕು. ಯೆಹೋವನ ಸಾಕ್ಷಿಗಳು ಎಂಬ ಪಂಥದವರದು ಮೂರನೆಯ ದಾರಿ. 1950ರಿಂದ ಅಮೆರಿಕದಲ್ಲಿ ಹೊರಬಂದ ಅವರ ‘ಹೊಸ ಲೋಕ ಭಾಷಾಂತರ’ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲದ ಆ ಹೆಸರನ್ನು ಹೊಸ ಒಡಂಬಡಿಕೆಯಲ್ಲೂ 237 ಕಡೆ ತಂದಿಟ್ಟಿತು. ಕನ್ನಡದಲ್ಲೂ ಅವರು ಅದನ್ನೇ ಬಳಸುತ್ತಾರೆ. ಉಳಿದೆಲ್ಲ ಸಭೆಗಳು, ಬೇರೆ ವಿಷಯಗಳಲ್ಲಿ ಎಷ್ಟೇ ಕಾದಾಡಿದರೂ, ಆ ಅನುವಾದವನ್ನು ದೂರವಿಡುವುದರಲ್ಲಿ ಒಂದಾಗಿವೆ.

ಹಳೆಯ ಸತ್ಯವೇದದ ಮೇಲಿನ ಮಮತೆ ಬರಿಯ ಸಿ.ಎಸ್.ಐ.ನದಲ್ಲ. ಇತ್ತೀಚಿನ ದಶಕಗಳಲ್ಲಿ ಹಬ್ಬಿದ ಪೆಂತೆಕೋಸ್ತ್ ಸಭೆಗಳು ಆರಾಧನೆಯಲ್ಲಿ ಎಲ್ಲವನ್ನೂ ಹೊಸದು ಮಾಡಿದರೂ ಬೈಬಲ್ಲಿನಲ್ಲಿ ಮಾತ್ರ ಹಳೆಯದನ್ನೇ ಹಿಡಿದಿವೆ. ಅವರ ಸಭೆಯಲ್ಲಿ ವಾಕ್ಯವನ್ನು ಬಾಯಿಪಾಠ ಮಾಡುತ್ತಾರೆ, ಅಧ್ಯಾಯ ವಚನ ಸಂಖ್ಯೆಯೊಡನೆ ಒಪ್ಪಿಸುತ್ತಾರೆ, ರೋಗಿಯ ಹಾಸಿಗೆಯ ಬಳಿ ಅದನ್ನೇ ನುಡಿಯುತ್ತಾರೆ. ಬಾಯಲ್ಲಿ ಕೂತ ಪಾಠ ಬದಲಾದರೆ ನೆನಪೇ ಕೈಕೊಡುತ್ತದೆ. ಇಂಗ್ಲಿಷ್ ಜಗತ್ತಿನಲ್ಲಿ 1611ರ ಕಿಂಗ್ ಜೇಮ್ಸ್ ಬೈಬಲ್ ಒಂದೇ ನಿಜವಾದ ಬೈಬಲ್ ಎನ್ನುವ ಪಂಗಡಗಳಿವೆ. ಕನ್ನಡದಲ್ಲಿ ಆ ಬಗೆಯ ಸಿದ್ಧಾಂತ ಗಟ್ಟಿಯಾಗಿ ಬೆಳೆದಿಲ್ಲ, ಬೆಳೆದಿರುವುದು ರೂಢಿ. ಹ್ಯಾಂಡ್ಸರ ಬೈಬಲ್ ತಪ್ಪೆಂದು ವೈಗ್ಲೆ ತಿದ್ದಿದ್ದು, ಅದನ್ನು ಮತ್ತೊಬ್ಬರು ತಿದ್ದಿದ್ದು ಓದುಗರ ನೆನಪಿನಲ್ಲಿಲ್ಲ.

ತಿದ್ದುವವರಿಗೆ ಮೂಲಪಾಠದ ಕಾರಣವೂ ಉಂಟು. ಹ್ಯಾಂಡ್ಸರ ಕಾಲದಲ್ಲಿ ಕೈಯಲ್ಲಿದ್ದ ಗ್ರೀಕ್ ಪಾಠ 1516ರ ಎರಾಸ್ಮಸನ ಮುದ್ರಣದ ಪರಂಪರೆಯದು. ಆಮೇಲೆ ಸೈನಾಯ್ ಬೆಟ್ಟದ ಮಠದಲ್ಲಿ ಸಿಕ್ಕ 4ನೆಯ ಶತಮಾನದ ಪ್ರತಿಯಂಥವು ಬೆಳಕಿಗೆ ಬಂದು, ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ಹಳೆಯ ಪ್ರತಿಗಳಲ್ಲಿ ಇಲ್ಲವೆಂದು ತಿಳಿಯಿತು. ಹೊಸ ಅನುವಾದಗಳು ಅಂಥ ಭಾಗಗಳನ್ನು ಕಂಸದಲ್ಲಿ ಇಡುತ್ತವೆ ಅಥವಾ ಅಡಿಟಿಪ್ಪಣಿ ಕೊಡುತ್ತವೆ. ವಿದ್ವಾಂಸರಿಗೆ ಇದು ಪ್ರಾಮಾಣಿಕತೆ. ಬಾಯಿಪಾಠದ ಭಕ್ತರಿಗೆ ಇದು ದೇವರ ವಾಕ್ಯಕ್ಕೆ ಕತ್ತರಿ.

ಇನ್ನೊಂದು ಕಡೆ, ಅರ್ಥ ಮುಟ್ಟಿದರೆ ಸಾಕು, ಪದಕ್ಕೆ ಪದ ಬೇಡ ಎನ್ನುವ ಪಂಥ 20ನೆಯ ಶತಮಾನದಲ್ಲಿ ಯೂಜಿನ್ ನೈಡಾ ಎಂಬ ಅಮೆರಿಕದ ಭಾಷಾವಿಜ್ಞಾನಿಯಿಂದ ಬಲಗೊಂಡಿತು. ಮೂಲ ಕೇಳುಗರಲ್ಲಿ ಎದ್ದ ಭಾವವೇ ಇಂದಿನ ಕೇಳುಗರಲ್ಲೂ ಏಳಬೇಕೆಂಬುದು ಅವರ ಸೂತ್ರ. ಸಿ.ಎಲ್. ಬೈಬಲ್ ಆ ಒಲೆಯಲ್ಲೇ ಬೆಂದದ್ದು. ಅದಕ್ಕಿಂತಲೂ ಸರಳವಾದದ್ದು, ಚಿಕ್ಕ ಚಿಕ್ಕ ವಾಕ್ಯಗಳ ‘ಪವಿತ್ರ ಬೈಬಲ್’. ಇದರ ಹಿಂದಿರುವ ಅಮೆರಿಕದ ಸಂಸ್ಥೆ ಮೊದಲು ಕಿವುಡರಿಗಾಗಿ ಸರಳ ಇಂಗ್ಲಿಷ್ ಬೈಬಲ್ ಮಾಡಿದ್ದು. ಇತ್ತೀಚೆಗೆ ಯಾರು ಬೇಕಾದರೂ ನಕಲಿಸಿ ಹಂಚಬಹುದಾದ ಮುಕ್ತ ಪರವಾನಗಿಯ ಕನ್ನಡ ಪಾಠಗಳೂ ಬಂದಿವೆ. ಮೊಬೈಲಿನ ಒಂದೇ ಆ್ಯಪ್‌ನಲ್ಲಿ ನಾಲ್ಕೈದು ಕನ್ನಡ ಬೈಬಲ್‌ಗಳು ಅಕ್ಕಪಕ್ಕ ಕೂತಿರುವುದರಿಂದ, ಹಿಂದೆ ಪಾದ್ರಿಗಳಷ್ಟೇ ಮಾಡಬಹುದಾಗಿದ್ದ ಹೋಲಿಕೆಯನ್ನು ಇಂದು ಇಳಕಲ್ಲಿನ ಮಗ್ಗದ ಮುಂದೆ ಕೂತವರೂ ಮಾಡಬಹುದು.

ಆದರೆ ಈ ಯಾವ ಬೈಬಲ್ಲೂ ಬಾಗಲಕೋಟೆಯ ಆಡುಮಾತಿನಲ್ಲಿಲ್ಲ. ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಸಾಮಾನ್ಯ ಮನುಷ್ಯ ಹೇಗೆ ಮಾತಾಡುತ್ತಾರೆಂದು ಅವರ ಬಾಯನ್ನೇ ನೋಡಿ ಅನುವಾದಿಸಬೇಕೆಂದು ಲೂಥರ್ 1530ರಲ್ಲಿ ಬರೆದಿದ್ದ. ಆ ಮಾತನ್ನು ಅಕ್ಷರಶಃ ಪಾಲಿಸಿದರೆ ಇಲ್ಲಿಯ ಸುವಾರ್ತೆಯಲ್ಲಿ ‘ಐತಿ’, ‘ಹೇಳ್ಯಾನ’, ‘ಹೋಗ್ತೇನ್ರಿ’ ಇರಬೇಕಿತ್ತು. ಸಭೆಗಳಲ್ಲಿ ಪ್ರಸಂಗ ಆ ಧಾಟಿಗೆ ಹತ್ತಿರವೇ ಇರುತ್ತದೆ. ಓದುವ ವಾಕ್ಯ ಮಾತ್ರ ಗ್ರಂಥದ ಕನ್ನಡ. ಹಾಗೆ ಇರಲಿ ಎಂದೇ ಜನರ ಒಲವು. ಪುರಾಣವನ್ನು ಗ್ರಂಥದ ಕನ್ನಡದಲ್ಲಿ ಓದಿ, ಸ್ವಾಮಿಗಳು ಆಡುಮಾತಿನಲ್ಲಿ ಅರ್ಥ ಬಿಡಿಸುವುದನ್ನು ಮಠದ ಅಂಗಳದಲ್ಲಿ ಕೇಳಿ ಬೆಳೆದ ನಾಡಿಗೆ ಇದು ಸಹಜ ಏರ್ಪಾಡು. ಟಿಪ್ಪಣಿಯಿಲ್ಲದ ಬೈಬಲ್ ತಾನಾಗಿ ಮಾತಾಡುತ್ತದೆ ಎಂದು ನಂಬಿದ್ದ ಬೈಬಲ್ ಸೊಸೈಟಿಯ ಹಳೆಯ ನಿಯಮಕ್ಕಿಂತ, ವಿವರಿಸುವವರೊಬ್ಬರು ಬೇಕೇ ಬೇಕೆಂದ ದುಬ್ವಾರ ಮಾತಿಗೆ ಈ ರೂಢಿ ಹೆಚ್ಚು ಹತ್ತಿರ, ನಡೆಸುತ್ತಿರುವವರು ಪ್ರಾಟೆಸ್ಟಂಟರಾದರೂ.

ಕನ್ನಡದ ಆಚೆಗೂ ಪ್ರಶ್ನೆ ಚಾಚಿಕೊಂಡಿದೆ. ಬಾದಾಮಿ, ಹುನಗುಂದ ಭಾಗದ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಆ ಭಾಷೆಯಲ್ಲೂ ಹೊಸ ಒಡಂಬಡಿಕೆ ಬಂದಿದೆ. ಲಂಬಾಣಿಗೆ ಸ್ವಂತ ಲಿಪಿಯಿಲ್ಲ. ತೆಲಂಗಾಣದವರಿಗೆ ತೆಲುಗು ಅಕ್ಷರ, ಮಹಾರಾಷ್ಟ್ರದವರಿಗೆ ದೇವನಾಗರಿ, ಇಲ್ಲಿಯವರಿಗೆ ಕನ್ನಡ ಬೇಕು. ಒಂದೇ ಭಾಷೆಯ ಒಂದೇ ಪಾಠವನ್ನು ಮೂರು ಕಡೆಯವರು ಪರಸ್ಪರ ಓದಲಾರರು, ಓದಿದ್ದನ್ನು ಕೇಳಿದರೆ ಮಾತ್ರ ಮೂವರಿಗೂ ತಿಳಿಯುತ್ತದೆ. ಹಾಗಾಗಿ ಅಲ್ಲಿ ಅಚ್ಚಿನ ಪುಸ್ತಕಕ್ಕಿಂತ ಧ್ವನಿಮುದ್ರಣವೇ ಹೆಚ್ಚು ದೂರ ಹೋಗುತ್ತದೆ.